ಹೌದು, ದುರ್ಗ ಜಂಕ್ಷನ್

ಮಧ್ಯಾಹ್ನ ಹನ್ನೆರಡು ಗಂಟೆ ನಲವತ್ತು ನಿಮಿಷ. ಸಮಯ ಇಷ್ಟು ಸರಿಯಾಗಿ ನೆನಪಿರಲು ಕಾರಣ, ಆಗ ನಾನು ಕೈಗಡಿಯಾರವನ್ನೇ ನೋಡುತ್ತಿದ್ದೆ. ಎದುರಿನ ಬರ್ತಿನಲ್ಲಿ ದೊಡ್ಡಮ್ಮ ಸೆರಗು ಸರಿಸಿ, ಹೊಟ್ಟೆಯ ಚರ್ಮವನ್ನು ಎರಡು ಬೆರಳಲ್ಲಿ ಹಿಡಿದು ಇನ್ಸುಲಿನ್ ಪೆನ್ನು ಒತ್ತಿದ್ದಳು. ಒತ್ತಿದ ಮೇಲೆ ಹತ್ತು ಎಣಿಸುವವರೆಗೂ ಸೂಜಿ ತೆಗೆಯಬಾರದು. ಎಣಿಸುವುದು ನನ್ನ ಕೆಲಸ. ಹತ್ತು ಅಂದೆ. ಅವಳು ಸೂಜಿ ಎಳೆದು, ಪೆನ್ನಿಗೆ ಮುಚ್ಚಳ ಹಾಕಿ, ಸೀರೆ ಸರಿಮಾಡಿಕೊಂಡು, "ಇನ್ನ ಊಟ ಬರ್ಲಿ" ಅಂದಳು.

ದೊಡ್ಡಮ್ಮ ನನ್ನ ತಾಯಿಯ ಅಕ್ಕ. ಅರವತ್ತೇಳು ದಾಟಿದೆ. ಮಗಳ ಬಾಣಂತನಕ್ಕೆಂದು ಪುಣೆಗೆ ಹೋಗಿ ಮೂರು ತಿಂಗಳಿದ್ದವಳನ್ನು ಹೊಳಲ್ಕೆರೆಯ ಮನೆಗೆ ವಾಪಸು ಕರೆತರುವ ಜವಾಬ್ದಾರಿ ನನ್ನ ಮೇಲೆ ಬಿದ್ದಿತ್ತು. ರೈಲು ಬೆಳಿಗ್ಗೆ ಹತ್ತಕ್ಕೆ ನಮ್ಮ ಜಂಕ್ಷನ್ ತಲುಪಬೇಕಿತ್ತು. ಮಧ್ಯಾಹ್ನದ ಊಟ ಅವಳ ಮನೆಯಲ್ಲೇ ಎಂದುಕೊಂಡಿದ್ದೆವು. ಆದರೆ ರಾತ್ರಿಯೇ ಎಲ್ಲೋ ನಿಂತು, ಬೆಳಗಾಗುವ ಹೊತ್ತಿಗೆ ರೈಲು ನಾಲ್ಕು ಗಂಟೆ ತಡವಾಗಿತ್ತು. ಏಕೆ ಎಂದು ಯಾರೂ ಹೇಳಲಿಲ್ಲ. ಏಳು ಗಂಟೆಗೆ ದೊಡ್ಡಮ್ಮ, ಮಗಳು ಕಟ್ಟಿಕೊಟ್ಟಿದ್ದ ಎರಡು ಚಪಾತಿ ತಿಂದಿದ್ದಳು. ಬಿಸ್ಕತ್ತು ಹುಬ್ಬಳ್ಳಿ ಬರುವಷ್ಟರಲ್ಲಿ ಮುಗಿದಿತ್ತು.

ಹನ್ನೆರಡೂವರೆಗೆ ಊಟದ ಆರ್ಡರು ತೆಗೆದುಕೊಳ್ಳುವವನು ಬಂದ. ಕಿವಿಯ ಮೇಲೆ ಪೆನ್ನು, ಕೈಯಲ್ಲಿ ಚೀಟಿ ಪುಸ್ತಕ. ದೊಡ್ಡಮ್ಮ ತನಗೆ ಬರುವಷ್ಟು ಹಿಂದಿಯಲ್ಲಿ, "ಎಷ್ಟು ಹೊತ್ತಪ್ಪ?" ಎಂದು ಕೇಳಿದಳು.

"ದಸ್ ಮಿನಟ್, ಮಾತಾಜಿ. ಗರಂ ಗರಂ."

"ಕೇಳಿದೇನಲೇ? ಹತ್ತು ನಿಮಿಷ ಅಂತೆ. ಹಂಗಾರೆ ಈಗ್ಲೇ ಸೂಜಿ ಹಾಕ್ಕಂಬೇಕು" ಅಂದಳು.

ಈ ಮಾತನ್ನು ಅವಳು ನಂಬಿದ್ದು ಹೇಗೆ ಎಂದು ಆಮೇಲೆ ಬಹಳ ಜನ ನನ್ನನ್ನು ಕೇಳಿದರು. ಅವಳು ಇಪ್ಪತ್ತೆಂಟು ವರ್ಷ ಹೊಸದುರ್ಗದಲ್ಲಿ ಹುಡುಗಿಯರ ಹಾಸ್ಟೆಲೊಂದರ ಅಡುಗೆಮನೆ ನೋಡಿಕೊಂಡವಳು. ಪಿಯುಸಿಯ ಎರಡು ವರ್ಷ ನಾನೂ ಅಲ್ಲೇ ಉಂಡವಳು. ಒಂದು ಗಂಟೆಗೆ ಗಂಟೆ ಹೊಡೆದರೆ ಒಂದಕ್ಕೇ ತಟ್ಟೆ. ಯಾವತ್ತಾದರೂ ಅನ್ನ ಬೇಯುವುದು ತಡವಾದರೆ ಬಾಗಿಲಲ್ಲಿ ತಾನೇ ನಿಂತು, "ಆರು ನಿಮಿಷ, ಗಲಾಟೆ ಮಾಡಂಗಿಲ್ಲ" ಅನ್ನುತ್ತಿದ್ದಳು. ಆರು ನಿಮಿಷಕ್ಕೆ ಊಟ ಬರುತ್ತಿತ್ತು. ಹಸಿದವರ ಮುಂದೆ ನಿಂತು ಸಮಯ ಹೇಳುವವನು ಸುಳ್ಳು ಹೇಳಬಹುದು ಎಂಬುದು ಅವಳಿಗೆ ಹೊಳೆಯುವ ವಿಷಯವೇ ಅಲ್ಲ.

ನನಗೆ ಹೊಳೆಯಬೇಕಿತ್ತು. ನಾನು ಎಷ್ಟೋ ರೈಲು ಹತ್ತಿದವಳು. ಹತ್ತು ನಿಮಿಷ ಎನ್ನುವುದು ಅವರು ನಮ್ಮನ್ನು ದಾಟಿ ಮುಂದೆ ಹೋಗಲು ಹೇಳುವ ಮಾತು ಎಂದು ಗೊತ್ತಿದ್ದವಳು. "ತಟ್ಟೆ ಬರಲಿ, ಆಮೇಲೆ ಹಾಕ್ಕೋ" ಎಂದು ಹೇಳಬಹುದಿತ್ತು. ಹೇಳಲಿಲ್ಲ. ಗಡಿಯಾರ ಹಿಡಿದು ಎಣಿಸಿದೆ.

ಅದಕ್ಕೂ ಸ್ವಲ್ಪ ಮುಂಚೆ ಹಾವೇರಿಯಲ್ಲಿ ಒಬ್ಬ ಬಾಳೆಹಣ್ಣಿನವನು ಬೋಗಿಯ ಬಾಗಿಲ ತನಕ ಬಂದಿದ್ದ. ಬೇಡ, ಊಟ ಮಾಡುತ್ತೇವೆ ಎಂದು ಕಳಿಸಿದ್ದೆ. ಆ ಬುಟ್ಟಿ ಈಗಲೂ ನನ್ನ ಕಣ್ಣಿನಲ್ಲಿದೆ. ಏಲಕ್ಕಿ ಬಾಳೆ, ಚೆನ್ನಾಗಿ ಮಾಗಿದ್ದವು.

ಹನ್ನೆರಡು ಐವತ್ತೈದಕ್ಕೆ ರೈಲು ನಿಂತಿತು. ಚಿಕ್ಕ ನಿಲ್ದಾಣವೊಂದರ ಹೊರಗೆ, ನಮ್ಮ ಕಡೆ ಪ್ಲಾಟ್‌ಫಾರ್ಮೂ ಇಲ್ಲ, ಮನೆಗಳೂ ಇಲ್ಲ, ಕೊಯ್ಲಾದ ಜೋಳದ ಹೊಲ ಅಷ್ಟೇ. ಬೋಗಿಯ ಜನ ಮುಕ್ಕಾಲು ಪಾಲು ಹುಬ್ಬಳ್ಳಿಯಲ್ಲೇ ಇಳಿದಿದ್ದರು. ನಮ್ಮ ಮೇಲಿನ ಬರ್ತಿನಲ್ಲಿ ಒಬ್ಬ ಕಿವಿಗೆ ಇಯರ್‌ಫೋನು ಸಿಕ್ಕಿಸಿಕೊಂಡು ಮಲಗಿದ್ದ, ಅಷ್ಟೇ.

ಒಂದೂಕಾಲಕ್ಕೆ ದೊಡ್ಡಮ್ಮನ ಮೇಲ್ದುಟಿಯ ಮೇಲೆ ಬೆವರು ಕಾಣಿಸಿತು. ಎಸಿ ಬೋಗಿ, ನಾನು ಶಾಲು ಹೊದ್ದು ಕೂತಿದ್ದೆ.

"ನಡುಕ ಬರ್ತಾ ಐತಾ ದೊಡ್ಡಮ್ಮ?"

"ಸ್ವಲ್ಪ. ಗ್ಲೂಕೋಸ್ ಕೊಡು, ಚೀಲದ ಪಕ್ಕದ ಜೇಬಿನಾಗೆ ಐತೆ."

ಜೇಬಿನಲ್ಲಿ ಮಗುವಿನ ಉಣ್ಣೆ ಟೋಪಿ ಇತ್ತು. ನೆನಪಿಗೆ ಇರಲಿ ಎಂದು ತೆಗೆದುಕೊಂಡು ಬಂದಿದ್ದಳು. ಗ್ಲೂಕೋಸ್ ಪೊಟ್ಟಣ ಪುಣೆಯ ಅಡುಗೆಮನೆಯ ಕಟ್ಟೆಯ ಮೇಲೆ ಉಳಿದಿತ್ತು. ಚೀಲ ಮತ್ತೆ ಜೋಡಿಸಿದವಳು ನಾನೇ. ಸೂಟ್‌ಕೇಸು, ಬುಟ್ಟಿ, ನನ್ನ ಬ್ಯಾಗು ಎಲ್ಲ ಜಾಲಾಡಿದೆ. ಒಂದು ಸಕ್ಕರೆ ಕಾಳೂ ಸಿಗಲಿಲ್ಲ. ಮೇಲಿನವನನ್ನು ಎಬ್ಬಿಸಲು ಕೈ ಎತ್ತಿದಾಗ ದೊಡ್ಡಮ್ಮ ನನ್ನ ಸೆರಗು ಹಿಡಿದು ಜಗ್ಗಿದಳು. "ಯಾರ ಹತ್ರನೂ ತಿನ್ನಾಕೆ ಕೇಳಬ್ಯಾಡ. ಊಟ ಬರ್ತೈತೆ" ಅಂದಳು. ಸಾವಿರಾರು ಮಕ್ಕಳಿಗೆ ಬಡಿಸಿದ ಕೈ ಅದು. ಆದರೂ ಎಬ್ಬಿಸಿದೆ. ಅವನು ಒಂದು ಕಿವಿಯ ಇಯರ್‌ಫೋನು ತೆಗೆದು, ಇಲ್ಲ ಎಂದು ತಲೆಯಾಡಿಸಿ, ಮತ್ತೆ ಹಾಕಿಕೊಂಡ.

ಅಡುಗೆಯ ಬೋಗಿ ಹುಡುಕಿಕೊಂಡು ಹೊರಟೆ. ಎರಡು ಬೋಗಿ ದಾಟಿದ ಮೇಲೆ ನಡುವಿನ ಕಬ್ಬಿಣದ ಬಾಗಿಲಿಗೆ ಬೀಗ. ಅದರ ಪಕ್ಕ ಹಾಸಿಗೆ ಬಟ್ಟೆಯ ಮೂಟೆಗಳ ಮೇಲೆ ಬೋಗಿಯ ಅಟೆಂಡೆಂಟ್ ಮಲಗಿದ್ದ. ಎಬ್ಬಿಸಿ, ನನ್ನ ಪರೀಕ್ಷೆ ಪಾಸಾದ ಹಿಂದಿಯಲ್ಲಿ ಎಲ್ಲ ಹೇಳಿದೆ: ಸಕ್ಕರೆ ಕಾಯಿಲೆ, ಸೂಜಿ ಹಾಕಿಯಾಗಿದೆ, ಊಟ ಬಂದಿಲ್ಲ, ಬಾಗಿಲು ತೆಗೆಯಿರಿ.

"ಖಾನಾ ಹಮಾರಾ ಕಾಮ್ ನಹೀಂ. ಹಮಾರಾ ಚಾದರ್ ಕಾ ಕಾಮ್ ಹೈ" ಅಂದ. ಊಟ ಅವನ ಕೆಲಸವಲ್ಲ, ಹಾಸಿಗೆ ಹೊದಿಕೆಯದಷ್ಟೇ.

"ಜೀವ ಹೋಗುತ್ತೆ" ಅಂದೆ.

ಅವನು ಎದ್ದು ಕೂತು ಸ್ವಲ್ಪ ಯೋಚಿಸಿದ. ಯೋಚಿಸಿದ್ದು ನಿಜ, ಅದನ್ನು ನಾನು ಮರೆಯಬಾರದು. ಆಮೇಲೆ ಮೂಟೆಯಿಂದ ಇನ್ನೊಂದು ಕಂಬಳಿ ಎಳೆದು ನನ್ನ ಕೈಗೆ ಕೊಟ್ಟ. ಮಾತಾಜಿಗೆ ಹೊದಿಸಿ ಎಂದ. ಕೀಲಿ ಯಾರ ಹತ್ತಿರ ಇದೆ ಎಂದು ಅವನಿಗೆ ಗೊತ್ತಿರಲಿಲ್ಲ.

ಆ ಕಂಬಳಿ ಹಿಡಿದುಕೊಂಡೇ ರೈಲ್ವೆ ಸಹಾಯವಾಣಿಗೆ ಫೋನು ಮಾಡಿದೆ. ಆಗ ಒಂದು ಇಪ್ಪತ್ತೈದು. ಯಾವುದಕ್ಕೆ ಯಾವ ಸಂಖ್ಯೆ ಒತ್ತಬೇಕು ಎಂದು ಅದು ಹೇಳುತ್ತಾ ಹೋಯಿತು, ಎರಡು ಸಲ ಲೈನು ಕಡಿಯಿತು. ಮೂರನೇ ಸಲ ಒಂದು ಹೆಣ್ಣುದನಿ ಸಿಕ್ಕಿತು. ಟಿಕೆಟಿನ ಸಂಖ್ಯೆ ಕೇಳಿದಳು. ಟಿಕೆಟು ಇದ್ದದ್ದು ದೊಡ್ಡಮ್ಮನ ಅಳಿಯನ ಫೋನಿನಲ್ಲಿ, ಅವನು ನನಗೆ ಬೋಗಿ ಮತ್ತು ಸೀಟಿನ ಸಂಖ್ಯೆ ಮಾತ್ರ ಕಳಿಸಿದ್ದ. ಬೋಗಿ, ಸೀಟು ಹೇಳಿದೆ, ಬರೆದುಕೊಂಡಳು. ರೈಲಿನ ಹೆಸರು ಹೇಳಿದೆ, ಅದು ಅವಳಿಗೆ ಕೇಳಿಸಲಿಲ್ಲ. ಡಾಕ್ಟರು ಯಾವ ನಿಲ್ದಾಣಕ್ಕೆ ಬೇಕು ಎಂದು ಕೇಳಿದಳು.

ಇಲ್ಲಿ ನಮ್ಮ ಕಡೆಯ ಒಂದು ಮಾತು ಹೇಳಬೇಕು. ಚಿತ್ರದುರ್ಗವನ್ನು ನಮ್ಮಲ್ಲಿ ಯಾರೂ ಚಿತ್ರದುರ್ಗ ಅನ್ನುವುದಿಲ್ಲ. ದುರ್ಗ. ಕಂಡಕ್ಟರು ಕೂಗುವುದು ದುರ್ಗ, ಕೋರ್ಟಿಗೆ ಹೋಗುವುದು ದುರ್ಗಕ್ಕೆ, ಬಳೆ ತರುವುದು ದುರ್ಗದಿಂದ. ದೂರದ ರೈಲುಗಳು ಆ ಊರಿಗೆ ಹೋಗುವುದಿಲ್ಲ. ಹೊಳಲ್ಕೆರೆ ತಾಲ್ಲೂಕಿನ ಒಂದು ಜಂಕ್ಷನ್ನಿನಲ್ಲಿ ನಾವು ಇಳಿಯಬೇಕು. ಆ ಜಂಕ್ಷನ್ನಿಗೆ ಅದರದೇ ಹೆಸರಿದೆ. ಆದರೆ ನಮ್ಮ ಮನೆಯಲ್ಲಿ ಅದು ಯಾವತ್ತೂ ದುರ್ಗದ ಜಂಕ್ಷನ್. ಅಲ್ಲಿ ರೈಲು ಬದಲಾಯಿಸಿ ದುರ್ಗಕ್ಕೆ ಹೋಗುತ್ತಿದ್ದ ಕಾಲದಿಂದಲೂ ಹಾಗೇ.

"ದುರ್ಗ" ಅಂದೆ. "ನಾವು ಇಳಿಯೋದು ದುರ್ಗದ ಜಂಕ್ಷನ್."

"ದುರ್ಗ್ ಜಂಕ್ಷನ್?"

"ಹೌದು, ಹಾಂ ಜಿ, ದುರ್ಗ ಜಂಕ್ಷನ್."

ಲೈನು ಕಡಿಯಿತು. ಐದು ನಿಮಿಷದಲ್ಲಿ ಇಂಗ್ಲಿಷಿನಲ್ಲಿ ಸಂದೇಶ ಬಂತು. ವೈದ್ಯಕೀಯ ನೆರವಿಗೆ ವ್ಯವಸ್ಥೆಯಾಗಿದೆ, ನಿಲ್ದಾಣ: ಮುಂದೆ ನಾಲ್ಕು ಅಕ್ಷರ, ಡಿ, ಯು, ಆರ್, ಜಿ. ಕೊನೆಯ ಒಂದು ಅಕ್ಷರ ನುಂಗಿದ್ದಾರೆ ಎಂದುಕೊಂಡೆ. ನಮ್ಮ ಊರುಗಳ ಹೆಸರನ್ನು ಮೊಟಕು ಮಾಡುವುದು ಅವರಿಗೆ ಹೊಸದಲ್ಲವಲ್ಲ.

ಆ ಸಂದೇಶ ಓದಿ ನನಗೆ ಸಮಾಧಾನವಾಯಿತು. ಈಗ ರಾತ್ರಿಗಳಲ್ಲಿ ನನ್ನನ್ನು ಎಬ್ಬಿಸುವುದು ಬಾಳೆಹಣ್ಣೂ ಅಲ್ಲ, ಬೀಗವೂ ಅಲ್ಲ, ಆ ಸಮಾಧಾನ. ನಾನು ವಾಪಸು ಬಂದು, ದೊಡ್ಡಮ್ಮನಿಗೆ ಕಂಬಳಿ ಹೊದಿಸಿ, ಪಕ್ಕದಲ್ಲಿ ಕೂತೆ. ಇನ್ನೊಂದು ಬೋಗಿಗೆ ಓಡಲಿಲ್ಲ. ಯಾರನ್ನೂ ಕೂಗಲಿಲ್ಲ. ಡಾಕ್ಟರು ಬರುತ್ತಾರೆ ಎಂದು ಅವಳ ಕೈ ತಿಕ್ಕುತ್ತಾ ಇಪ್ಪತ್ತೈದು ನಿಮಿಷ ಕೂತಿದ್ದೆ. ರೈಲು ಕದಲಿರಲೇ ಇಲ್ಲ.

ಅವಳ ಮಾತು ಬದಲಾಗತೊಡಗಿತು. "ಗಂಟೆ ಹೊಡೀರಿ" ಅಂದಳು. "ಮಕ್ಳು ಸಾಲಾಗಿ ಕೂತ್ವಾ?" ನಾನು ಹೂಂ ಅಂದೆ. "ಸಣ್ಣೋವ್ಕೆ ಮೊದ್ಲು ಹಾಕ್ರಿ, ತಡಕಳಲ್ಲ ಅವು" ಅಂದಳು. ಆಮೇಲೆ ಏನೂ ಅನ್ನಲಿಲ್ಲ. ಕಣ್ಣು ಅರ್ಧ ತೆರೆದಿದ್ದವು, ನನ್ನನ್ನು ನೋಡುತ್ತಿರಲಿಲ್ಲ. ಕೈ ತಣ್ಣಗೆ, ಒದ್ದೆಯಾಗಿತ್ತು.

"ದೊಡ್ಡಮ್ಮ! ದುರ್ಗ ಬಂತು ದೊಡ್ಡಮ್ಮ, ಕಣ್ಣು ಬಿಡು, ದುರ್ಗದಾಗೆ ಡಾಕ್ಟ್ರು ಬರ್ತಾರೆ!" ಎಂದು ಕಿರುಚಿದೆ. ಸುಳ್ಳು. ದುರ್ಗ ಬಂದಿರಲಿಲ್ಲ. ಅವಳು ಕೇಳಿಸಿಕೊಳ್ಳಲಿ ಎಂದು ಬಾಯಿಗೆ ಬಂದದ್ದು ಕೂಗಿದೆ.

ಬೋಗಿಯ ಆ ತುದಿಯಲ್ಲಿ ಒಂದು ಪರದೆ ಸರಿದ ಸದ್ದಾಯಿತು. ಕಪ್ಪು ಬುರ್ಖಾದ ಹೆಂಗಸೊಬ್ಬರು, ಐವತ್ತರ ಆಸುಪಾಸು, ಚಪ್ಪಲಿಯಿಲ್ಲದ ಕಾಲಲ್ಲೇ ಬಂದರು.

"ಯಾರ್ರೀ ದುರ್ಗದೋರು? ಏನಾತ್ರಿ?"

ಹೇಳಿದೆ. ಅರ್ಧ ಹೇಳುವಷ್ಟರಲ್ಲಿ ಅವರು ತಮ್ಮ ಸೀಟಿಗೆ ಓಡಿ ಒಂದು ಡಬ್ಬಿ ತಂದಿದ್ದರು. ಧಾರವಾಡ ಪೇಡ. ನಾನು ಒಂದು ಪೇಡ ತೆಗೆದು ದೊಡ್ಡಮ್ಮನ ಬಾಯಿಗೆ ಹಾಕಲು ಹೋದೆ. ಅವರು ನನ್ನ ಕೈಗೆ ಪಟ್ಟನೆ ಹೊಡೆದರು.

"ಅಲ್ಲಾ, ಇಡೀದು ಹಾಕ್ತೀರಾ? ಉಸ್ರು ಕಟ್ಟಿದ್ರೆ? ಹಿಡೀರಿ ಆ ಕಡೆ, ಮಗ್ಗುಲಿಗೆ ಮಲಗ್ಸಾಣ. ನಮ್ಮಮ್ಮಂಗೂ ಹಿಂಗೇ ಆಗ್ತಿತ್ತು."

ಪೇಡಗಳನ್ನು ಮುಚ್ಚಳಕ್ಕೆ ಸುರಿದರು. ಡಬ್ಬಿಯ ತಳದಲ್ಲಿ ಪೇಡದ ಮೈಯಿಂದ ಉದುರಿದ ಸಕ್ಕರೆ ಪುಡಿ ಇತ್ತು. ಬೆರಳನ್ನು ನೀರಿಗೆ ಅದ್ದಿ, ಪುಡಿಗೆ ಒತ್ತಿ, ದೊಡ್ಡಮ್ಮನ ತುಟಿ ಸರಿಸಿ ವಸಡಿಗೆ ತಿಕ್ಕಿದರು. ಮತ್ತೆ ಪುಡಿ, ಮತ್ತೆ ವಸಡು. ಎಷ್ಟು ಸಲ ಎಂದು ನಾನು ಎಣಿಸಲಿಲ್ಲ. ಅವರು ತಮ್ಮ ಪಾಡಿಗೆ ಮಾತಾಡುತ್ತಿದ್ದರು. "ಬರ್ರಿ ಅಕ್ಕಾ, ಬರ್ರಿ. ಊರು ಇಷ್ಟು ಹತ್ರ ಬಂದ್ಮೇಲೆ ಹಿಂಗೆ ಮಾಡ್ತಾರೇನ್ರಿ ಯಾರಾದ್ರೂ?"

ಕಾಲು ಗಂಟೆ ಆಗಿರಬೇಕು. ದೊಡ್ಡಮ್ಮನ ನಾಲಿಗೆ ಹೊರಬಂದು ತುಟಿ ನೆಕ್ಕಿತು. ಕಣ್ಣು ತಿರುಗಿಸಿ ಮೊದಲು ಆ ಹೆಂಗಸನ್ನು ನೋಡಿದಳು, ಆಮೇಲೆ ನನ್ನನ್ನು.

"ಊಟ ಬಂತೇನು?"

ನಾನು ಅಳುತ್ತಿದ್ದೆ. ಆ ಹೆಂಗಸು, "ಬಂತು ಅಕ್ಕಾ, ಸಿಹಿ ಮೊದ್ಲು ಬಡಿಸ್ಯಾರೆ" ಅಂದರು.

ಆಮೇಲೆ ಪೇಡ ಪುಡಿಮಾಡಿ ಸ್ವಲ್ಪ ಸ್ವಲ್ಪ ತಿನ್ನಿಸಿದೆವು. ರೈಲು ಹೊರಟಿತು. ಮುಂದಿನ ದೊಡ್ಡ ನಿಲ್ದಾಣದಲ್ಲಿ ಇಳಿದು ಆಸ್ಪತ್ರೆಗೆ ಹೋಗೋಣ ಎಂದರೆ ದೊಡ್ಡಮ್ಮ ಒಪ್ಪಲಿಲ್ಲ, "ಊರಿಗೇ ಹೋಗಾಣ" ಅಂದಳು. ಅಲ್ಲಿಂದ ರೈಲು ಬಿಟ್ಟ ಮೇಲೆ, ಮೂರು ಗಂಟೆ ಹೊತ್ತಿಗೆ, ಅದೇ ಆರ್ಡರಿನವನು ಎರಡು ತಟ್ಟೆ ಹಿಡಿದು ಬಂದ. ಊಟ ಗಾಡಿಗೆ ಬರುವುದೇ ಆ ನಿಲ್ದಾಣದಲ್ಲಂತೆ. ಹನ್ನೆರಡೂವರೆಗೆ ನಮ್ಮ ಹತ್ತಿರ ಬಂದಾಗಲೇ ಅದು ಅವನಿಗೆ ಗೊತ್ತಿತ್ತು.

"ಬೋಲಾ ಥಾ ನಾ, ಆಯೇಗಾ" ಎಂದು, ಬರುತ್ತೆ ಅಂದಿದ್ದೆನಲ್ಲ ಎನ್ನುವಂತೆ ನಕ್ಕ.

ನಾನು ಏನು ಕೂಗಿದೆನೋ ಸರಿಯಾಗಿ ನೆನಪಿಲ್ಲ. ದೊಡ್ಡಮ್ಮ ಮಾತ್ರ ತಟ್ಟೆಯ ಮೇಲಿನ ಹಾಳೆ ಬಿಡಿಸಿ, ಎರಡು ಅಗುಳು ಬೆರಳಲ್ಲಿ ಹಿಸುಕಿ ನೋಡಿ, "ಅನ್ನ ಬೆಂದಿಲ್ಲ ಕಣಪ್ಪ" ಅಂದಳು. ಅವನಿಗೆ ಕನ್ನಡ ಬರುತ್ತಿರಲಿಲ್ಲ, ಥ್ಯಾಂಕ್ಯೂ ಮಾತಾಜಿ ಎಂದು ಹೋದ.

ಜಂಕ್ಷನ್ನಿನಲ್ಲಿ ಡಾಕ್ಟರು ಇರಲಿಲ್ಲ. ಗಾಲಿ ಕುರ್ಚಿಯೂ ಇರಲಿಲ್ಲ. ವಿಚಾರಿಸಿದರೆ ಅಲ್ಲಿನವರಿಗೆ ಯಾವ ಸುದ್ದಿಯೂ ಬಂದಿರಲಿಲ್ಲ, ಪಾಪ. ಆ ಹೆಂಗಸೂ ನಾನೂ ಎರಡು ಕಡೆ ಹಿಡಿದು ದೊಡ್ಡಮ್ಮನನ್ನು ಆಟೋದವರೆಗೆ ನಡೆಸಿದೆವು. ಹೊಳಲ್ಕೆರೆಯ ಆಸ್ಪತ್ರೆಯವರೆಗೂ ಅವರು ಜೊತೆಗೆ ಬಂದರು, ಪೇಡದ ಚೀಲ ತೊಡೆಯ ಮೇಲಿಟ್ಟುಕೊಂಡು. ಅದು ಹುಬ್ಬಳ್ಳಿಯ ನಿಶ್ಚಿತಾರ್ಥದಿಂದ ತಂದದ್ದು, ಮನೆಯಲ್ಲಿ ಹಂಚಬೇಕಾದದ್ದು. ಅವರು ಬಸ್ಸಿಗೆ ಹೊರಟಾಗ ಕೈ ಮುಗಿದೆ.

"ನೀವು ದುರ್ಗ ಅಂತ ಕೂಗಿದ್ರಲ್ಲ, ಅದಕ್ಕೆ ಎದ್ದೆ. ನಮ್ಮೂರ ಹೆಸ್ರು ಕೇಳಿದ್ಮೇಲೆ ಕೂತ್ಕಳಾಕೆ ಆಗ್ತೈತೇನ್ರಿ?" ಎಂದು ಹೊರಟುಬಿಟ್ಟರು. ಅವರ ಫೋನ್ ಸಂಖ್ಯೆ ತೆಗೆದುಕೊಳ್ಳಬೇಕೆಂದು ನನಗೆ ನೆನಪಾದದ್ದು ಬಸ್ಸು ಹೋದ ಮೇಲೆ.

ದೊಡ್ಡಮ್ಮನನ್ನು ಒಂದು ದಿನ ಆಸ್ಪತ್ರೆಯಲ್ಲಿ ಇಟ್ಟುಕೊಂಡು ಕಳಿಸಿದರು. ಇನ್ನು ಹತ್ತು ಹದಿನೈದು ನಿಮಿಷ ಹಾಗೇ ಬಿಟ್ಟಿದ್ದರೆ ಎಂದು ಡಾಕ್ಟರು ಹೇಳಲು ಹೊರಟು, ನನ್ನ ಮುಖ ನೋಡಿ ನಿಲ್ಲಿಸಿದರು.

ಮರುದಿನ ಸಂಜೆ ಸಂದೇಶ ಬಂತು. ಸೂಚಿಸಿದ ಸ್ಥಳದಲ್ಲಿ ಪ್ರಯಾಣಿಕರು ಪತ್ತೆಯಾಗಲಿಲ್ಲ. ದೂರು ಇತ್ಯರ್ಥವಾಗಿದೆ. ನಮ್ಮ ಸೇವೆಗೆ ಎಷ್ಟು ನಕ್ಷತ್ರ ಕೊಡುತ್ತೀರಿ? ಸಿಟ್ಟಿನಲ್ಲಿ ಫೋನು ಮಾಡಿದೆ. ಈ ಸಲ ಒಬ್ಬ ಗಂಡಸು, ಬಹಳ ಮರ್ಯಾದೆಯಿಂದ ಮಾತಾಡಿದ. ಡಾಕ್ಟರು ಪ್ಲಾಟ್‌ಫಾರ್ಮಿಗೆ ಬಂದಿದ್ದರು ಮೇಡಂ, ನೀವು ಹೇಳಿದ ಬೋಗಿಯಲ್ಲಿ ನೀವಿರಲಿಲ್ಲ ಎಂದ. ಯಾವ ಪ್ಲಾಟ್‌ಫಾರ್ಮು ಎಂದು ಕೇಳಿದೆ. ದುರ್ಗ್ ಎಂದ. ಛತ್ತೀಸಗಢ.

ಅಂಥ ಒಂದು ಊರಿದೆ ಎಂದು ನನಗೆ ಗೊತ್ತಿತ್ತು. ಹಿರಿಯೂರಿನ ಕಾಲೇಜಿನಲ್ಲಿ ಲೈಬ್ರರಿ ನೋಡಿಕೊಳ್ಳುವವಳು ನಾನು, ನಕಾಶೆಯ ಪುಸ್ತಕಗಳಿಗೆ ಚೀಟಿ ಅಂಟಿಸುವವಳು. "ನೀವೇ ಹೌದು ಅಂದಿದ್ದೀರಿ, ರೆಕಾರ್ಡಿಂಗ್ ಇದೆ" ಎಂದ ಅವನು. ಇರಬೇಕು. ಆ ದನಿ ನನ್ನ ಕಿವಿಯಲ್ಲೂ ಇದೆ.

ಹಿರಿಯೂರಿಗೆ ವಾಪಸಾದ ಮೇಲೆ ನಿದ್ದೆ ಹಾರಿಹೋಯಿತು. ಎರಡಕ್ಕೋ ಮೂರಕ್ಕೋ ಎಚ್ಚರವಾದರೆ ಹನ್ನೆರಡು ನಲವತ್ತರಿಂದ ಶುರು. ಎಣಿಸಿದ್ದು, ಬುಟ್ಟಿ, ಟೋಪಿ, ಬೀಗ, ಹೌದು. ಹೌದು ಎಂಬಲ್ಲಿಗೆ ಬಂದು ನಿಲ್ಲುತ್ತಿತ್ತು. ಬೆಳಗಾಗುವುದನ್ನೇ ಕಾದು ಹೊಳಲ್ಕೆರೆಗೆ ಫೋನು ಮಾಡುತ್ತಿದ್ದೆ. ಅವಳು ಎತ್ತುವವರೆಗೆ ರಿಂಗು ಎಣಿಸುತ್ತಿದ್ದೆ. ಕಾಲೇಜಿನ ಸಹೋದ್ಯೋಗಿಯೊಬ್ಬರು, "ನಮ್ ಹಿರಿಯೂರಿಗೆ ರೈಲೇ ಇಲ್ಲ ನೋಡ್ರಿ, ಆ ಉಸಾಬರಿನೇ ಇಲ್ಲ" ಎಂದು ನಗಿಸಲು ನೋಡಿದರು. ನಾನು ನಕ್ಕೆ. ಊಟದ ಆರ್ಡರಿನವನ ಮೇಲೆ, ಬೀಗದ ಮೇಲೆ ನಾಲ್ಕು ಪುಟದ ದೂರು ಬರೆದೆ. ನನ್ನ ಹೌದು ಅದರಲ್ಲಿ ಎಲ್ಲೂ ಬರಲಿಲ್ಲ. ಆ ದೂರೂ ಇತ್ಯರ್ಥವಾಯಿತು.

ದೊಡ್ಡಮ್ಮನಿಗೆ ಗೊತ್ತಿದ್ದದ್ದು, ಡಾಕ್ಟರನ್ನು ಕಳಿಸುತ್ತೇವೆ ಎಂದು ಹೇಳಿ ಅವರು ಕಳಿಸಲಿಲ್ಲ ಎಂಬುದಷ್ಟೇ. ಬಂದವರಿಗೆಲ್ಲ ಹಾಗೇ ಹೇಳುತ್ತಿದ್ದಳು. "ನಮ್ ಹುಡುಗಿ ಎಷ್ಟು ಬಡಕಂಡಳು, ಒಬ್ನೂ ಬರ್ಲಿಲ್ಲ." ನಾನು ಅಲ್ಲಿಗೆ ಹೋಗಿದ್ದಾಗ ಆ ಮಾತು ಬಂದರೆ, ಪ್ರತಿ ಸಲವೂ ಕಾಫಿ ಲೋಟ ಎತ್ತಿಕೊಂಡು ಒಳಗೆ ಹೋಗುತ್ತಿದ್ದೆ.

ಏಳು ವಾರ ಹೀಗೇ ನಡೆಯಿತು. ಒಂದು ಶನಿವಾರ ಸಂಜೆ ಹೊಳಲ್ಕೆರೆಗೆ ಹೋದೆ. ಅವಳು ಎರಡು ತಟ್ಟೆಗೆ ಮುದ್ದೆ, ಸೊಪ್ಪಿನ ಸಾರು ಬಡಿಸಿ ಕೂತಳು. ಈಗ ಅವಳ ಪದ್ಧತಿ ಬದಲಾಗಿತ್ತು. ತಟ್ಟೆ ಮುಂದೆ ಇರಬೇಕು, ಸಾರಿನಿಂದ ಹಬೆ ಏಳುವುದು ಕಾಣಬೇಕು, ಆಮೇಲೆ ಪೆನ್ನು. ಒತ್ತಿ ಹಿಡಿದು, "ಎಣ್ಸಲೇ" ಅಂದಳು.

ನಾಲ್ಕರವರೆಗೆ ಎಣಿಸಿದೆ. ಮುಂದಕ್ಕೆ ಆಗಲಿಲ್ಲ.

"ದೊಡ್ಡಮ್ಮ, ಡಾಕ್ಟ್ರನ್ನ ಕಳ್ಸಿದ್ರು. ನಾನೇ ಬ್ಯಾರೆ ದುರ್ಗಕ್ಕೆ ಕಳ್ಸಿದೆ."

ಎಲ್ಲ ಹೇಳಿದೆ. ಟೋಪಿಯಿಂದ ಹಿಡಿದು, ಸಂದೇಶ ಓದಿ ಸುಮ್ಮನೆ ಕೂತ ಇಪ್ಪತ್ತೈದು ನಿಮಿಷದವರೆಗೆ. ಅವಳು ಸೂಜಿ ಹಿಡಿದುಕೊಂಡೇ ಕೇಳಿದಳು. ಹತ್ತು ಯಾವಾಗಲೋ ಆಗಿತ್ತು.

"ಆ ದುರ್ಗದಾಗೆ ಡಾಕ್ಟ್ರು ಬಂದಿದ್ನಂತಾ?"

"ಬಂದಿದ್ರಂತೆ."

"ಹೇಳಿದ ಹೊತ್ತಿಗೆ?"

"ಗೊತ್ತಿಲ್ಲ. ಬಂದಿರ್ಬೇಕು."

"ಪಾಪ" ಅಂದಳು. "ಮಧ್ಯಾಹ್ನದ ಬಿಸ್ಲಾಗೆ ಚೀಲ ಹಿಡ್ಕಂಡು ಬೋಗಿ ಬೋಗಿ ಹುಡುಕಿರ್ತಾನೆ. ಊಟ ಆಗಿತ್ತೋ ಇಲ್ವೋ ಅವಂಗೆ." ಪೆನ್ನಿಗೆ ಮುಚ್ಚಳ ಹಾಕಿದಳು. ಆಮೇಲೆ ನನ್ನ ಕಡೆ ತಿರುಗಿ, "ಇಷ್ಟು ಓದಿ ಊರ ಹೆಸ್ರು ಪೂರ್ತಿ ಹೇಳಾಕೆ ಬರಲ್ವೇನಲೇ ನಿಂಗೆ?" ಅಂದಳು. ಆ ದನಿಯಲ್ಲಿ ಸಿಟ್ಟು ಇತ್ತು. ನನಗೆ ಬೇಕಾಗಿದ್ದದ್ದು ಬಹುಶಃ ಅದೇ. "ಚಿತ್ರದುರ್ಗ ಅನ್ನು."

"ಚಿತ್ರದುರ್ಗ."

"ಹ್ಞಾಂ. ಉಣ್ಣು, ಆರ್ತೈತೆ."

ಮರುದಿನ ಬೆಳಿಗ್ಗೆ ಆರೂವರೆಯ ಬಸ್ಸಿಗೆ ಹಿರಿಯೂರಿಗೆ ಹೊರಡಬೇಕಿತ್ತು, ನನ್ನ ಮನೆಯಲ್ಲಿ ಅಂದು ಗಾರೆ ಕೆಲಸದವರು ಬರುವವರಿದ್ದರು. ಕಣ್ಣು ಬಿಟ್ಟಾಗ ಕಿಟಕಿಯ ಬಿಸಿಲು ನೆಲ ದಾಟಿ ನನ್ನ ಕಾಲ ಮೇಲೆ ಬಂದಿತ್ತು. ಅಡುಗೆಮನೆಯಿಂದ ಸೌಟಿನ ಸದ್ದು ಕೇಳುತ್ತಿತ್ತು. ಗಡಿಯಾರ ನೋಡಿದೆ. ಎಂಟೂಕಾಲು. ಬಸ್ಸು ಹೋಗಿ ಬಹಳ ಹೊತ್ತಾಗಿತ್ತು, ಅವಳು ನನ್ನನ್ನು ಎಬ್ಬಿಸಿರಲಿಲ್ಲ.